ಹಕ್ಕಿಯ ಫೋಟೋ ಬೇಕೇ? ಮೊದಲು ಹೊಯಿಗೆಯಲ್ಲಿ ಮಲಗಿ

ನಮ್ಮ ಕರಾವಳಿಯ ಮನೆಗಳಲ್ಲಿ ಈಗ ಕ್ಯಾಮರಾ ಅಪರೂಪದ ವಸ್ತು ಅಲ್ಲ. ಗಲ್ಫ್‌ನಿಂದ ಊರಿಗೆ ಬರುವ ಅಣ್ಣನೋ ಮಾವನೋ ತಂದ ಒಳ್ಳೆಯ ಕ್ಯಾಮರಾ ಎಷ್ಟೋ ಮನೆಗಳ ಕಪಾಟಿನಲ್ಲಿ ಉಂಟು. ಮದುವೆ, ನಿಶ್ಚಿತಾರ್ಥ ಮುಗಿದ ಮೇಲೆ ಅದಕ್ಕೆ ಕೆಲಸ ಇಲ್ಲ. ಹಾಗಾಗಿ ಹುಡುಗರು ಅದನ್ನು ಹೆಗಲಿಗೆ ಹಾಕಿ ಉಳ್ಳಾಲಕ್ಕೋ ತಣ್ಣೀರುಬಾವಿಗೋ ಹೋಗುತ್ತಾರೆ. ಸೂರ್ಯ ಮುಳುಗುವ ಫೋಟೋ, ದೋಣಿಯ ಫೋಟೋ ತೆಗೆದಾಯಿತು. ಆಮೇಲೆ ಕಣ್ಣು ಬೀಳುವುದು ನೀರಿನ ಅಂಚಿನಲ್ಲಿ ಓಡಾಡುವ ಸಣ್ಣ ಸಣ್ಣ ಹಕ್ಕಿಗಳ ಮೇಲೆ.

ತೊಂದರೆ ಶುರುವಾಗುವುದು ಅಲ್ಲಿಂದ. ಹುಡುಗ ಎರಡು ಹೆಜ್ಜೆ ಮುಂದೆ ಹೋದರೆ ಹಕ್ಕಿ ನಾಲ್ಕು ಹೆಜ್ಜೆ ಓಡುತ್ತದೆ. ಇವನು ಓಡಿದರೆ ಅದು ಹಾರುತ್ತದೆ. ಕಾಲು ಗಂಟೆ ಹೀಗೆ ಓಡಿ ಕೊನೆಗೆ ಸಿಗುವುದು ಹಕ್ಕಿಯ ಬೆನ್ನಿನ ಒಂದು ಮಸುಕು ಚಿತ್ರ. ಕೆಲವರು ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಂಡು ಒಟ್ಟಿಗೆ ಹಾರುವ ವಿಡಿಯೋ ಬೇಕೆಂದು ಚಿಪ್ಪು ಎಸೆಯುವವರನ್ನೂ, ಬೈಕಿನಲ್ಲಿ ಹಿಂಡಿನ ನಡುವೆ ನುಗ್ಗುವವರನ್ನೂ ನಾವು ನೋಡಿದ್ದೇವೆ.

ನಾವು ಕೆಲವರು ಮದ್ರಸಕ್ಕೆ ರಜೆ ಇರುವ ಶುಕ್ರವಾರ ಬೆಳಿಗ್ಗೆ ಕಡಲ ಬದಿಗೆ ಹೋಗುವ ರೂಢಿ ಇಟ್ಟುಕೊಂಡಿದ್ದೇವೆ. ಅಲ್ಲಿ ಕಲಿತದ್ದನ್ನು ಹುಡುಗರಿಗೂ, ಅವರ ಮನೆಯವರಿಗೂ ಹೇಳಬೇಕೆಂದು ಈ ಲೇಖನ. ಈ ಹಕ್ಕಿಗಳ ಒಳ್ಳೆಯ ಫೋಟೋ ಸಿಗುವುದು ಓಡುವವನಿಗೆ ಅಲ್ಲ, ಹೊಯಿಗೆಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕಾಯುವವನಿಗೆ. ಹಕ್ಕಿಗೆ ತೊಂದರೆ ಕಡಿಮೆ ಆಗುವುದೂ ಆ ದಾರಿಯಲ್ಲೇ.

ಇವು ನಮ್ಮ ಊರಿನವಲ್ಲ

ಬೆಂಗ್ರೆ, ಕೋಟೆಪುರ, ಸಸಿಹಿತ್ಲು ಕಡೆ ಇರುವವರಿಗೆ ಈ ಹಕ್ಕಿಗಳ ಪರಿಚಯ ಉಂಟು. ಹೆಸರು ಗೊತ್ತಿಲ್ಲದಿದ್ದರೂ ನೋಡಿಯೇ ಇರುತ್ತೀರಿ. ಮಳೆಗಾಲದ ಕೊನೆಗೆ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಬರುತ್ತವೆ. ಏಪ್ರಿಲ್ ಮುಗಿಯುವಾಗ ಬಹುತೇಕ ಎಲ್ಲವೂ ಹೊರಟುಹೋಗುತ್ತವೆ.

ಎಲ್ಲಿಗೆ ಹೋಗುತ್ತವೆ? ಬೂದು ಬೆನ್ನು, ಬಿಳಿ ಹೊಟ್ಟೆ, ದೊಡ್ಡ ಕಪ್ಪು ಕಣ್ಣಿನ ಸ್ಯಾಂಡ್ ಪ್ಲವರ್ ಎಂಬ ಹಕ್ಕಿಯನ್ನು ತೆಗೆದುಕೊಳ್ಳಿ. ನಮ್ಮ ಕಡಲ ಬದಿಯಲ್ಲಿ ಹಿಂಡಾಗಿ ಕಾಣುವುದು ಹೆಚ್ಚಾಗಿ ಇದೇ. ಇದು ಮೊಟ್ಟೆ ಇಟ್ಟು ಮರಿ ಮಾಡುವುದು ಲಡಾಖ್, ಟಿಬೆಟ್‌ನಂತಹ ಎತ್ತರದ ಚಳಿ ಪ್ರದೇಶಗಳಲ್ಲಿ. ಅಲೆ ಬಂದಾಗ ಹಿಂದೆ, ಅಲೆ ಹೋದಾಗ ಮುಂದೆ ಎಂದು ಯಂತ್ರದ ಹಾಗೆ ಓಡುವ ಬಿಳಿ ಹಕ್ಕಿ ಸ್ಯಾಂಡರ್‌ಲಿಂಗ್. ಅದರ ಊರು ಇನ್ನೂ ದೂರ, ಉತ್ತರ ಧ್ರುವದ ಹತ್ತಿರದ ಆರ್ಕ್ಟಿಕ್ ಪ್ರದೇಶ. ಅದರ ತೂಕ ಸುಮಾರು 50-60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯಷ್ಟು. ಲಿಟಲ್ ಸ್ಟಿಂಟ್ ಎಂಬುದು ಅದಕ್ಕಿಂತಲೂ ಹಗುರ, ಅದೂ ಆರ್ಕ್ಟಿಕ್‌ನಿಂದ ಬರುವುದೇ.

ಇಷ್ಟು ಸಣ್ಣ ದೇಹ ಅಷ್ಟು ದೂರ ಹಾರುವುದು ಕೊಬ್ಬಿನ ಬಲದಿಂದ. ಹೊರಡುವ ಮೊದಲಿನ ವಾರಗಳಲ್ಲಿ ಹಕ್ಕಿ ಬಿಡುವಿಲ್ಲದೆ ತಿಂದು ಮೈಯಲ್ಲಿ ಕೊಬ್ಬು ತುಂಬಿಸಿಕೊಳ್ಳುತ್ತದೆ. ನಮ್ಮ ಹೊಯಿಗೆಯ ಹುಳ, ಸಣ್ಣ ಏಡಿ, ಸಿಗಡಿ ಮರಿ ಇವೇ ಅದರ ಪೆಟ್ರೋಲ್. ತಿನ್ನಲು ಸಿಗುವುದು ಮುಖ್ಯವಾಗಿ ನೀರು ಇಳಿದಾಗ. ಆ ಕೆಲವು ಗಂಟೆಗಳಲ್ಲಿ ನಾವು ನಾಲ್ಕು ಸಲ ಹಾರಿಸಿದರೆ ನಾಲ್ಕು ಸಲವೂ ಅದಕ್ಕೆ ಎರಡು ನಷ್ಟ. ತಿನ್ನುವ ಹೊತ್ತು ಹೋಯಿತು, ಕೂಡಿಸಿಟ್ಟದ್ದೂ ಹಾರಾಟದಲ್ಲಿ ಖರ್ಚಾಯಿತು.

ಇದರಲ್ಲಿ ಇನ್ನೊಂದು ಸಂಗತಿ ಉಂಟು. ಚಳಿಗಾಲದಲ್ಲಿ ಬೂದು ಬಣ್ಣದಲ್ಲಿದ್ದ ಸ್ಯಾಂಡ್ ಪ್ಲವರ್ ಮಾರ್ಚ್ ಏಪ್ರಿಲ್ ಹೊತ್ತಿಗೆ ಎದೆಯಲ್ಲಿ ಇಟ್ಟಿಗೆ ಕೆಂಪು ಬಣ್ಣ ಪಡೆಯುತ್ತದೆ. ಫೋಟೋ ತೆಗೆಯುವವರಿಗೆ ಅದರ ಮೇಲೆ ಆಸೆ ಹೆಚ್ಚಾಗುವುದು ಆಗಲೇ. ಹಕ್ಕಿಗೆ ಒಂದು ನಿಮಿಷವೂ ಬಿಡುವಿಲ್ಲದ ಸಮಯವೂ ಅದೇ.

2024ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಇಂತಹ ಹಲವು ದಡದ ಹಕ್ಕಿಗಳನ್ನು ಹೆಚ್ಚು ಅಪಾಯದ ವರ್ಗಕ್ಕೆ ಏರಿಸಿತು. ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್, ಕಲ್ಲು ಮಗುಚಿ ಹುಳ ಹುಡುಕುವ ಟರ್ನ್‌ಸ್ಟೋನ್ ಆ ಪಟ್ಟಿಯಲ್ಲಿವೆ. ಇವೆಲ್ಲ ನಮ್ಮ ಪಶ್ಚಿಮ ಕರಾವಳಿಗೂ ಬರುವ ಹಕ್ಕಿಗಳು.

ಮಲಗುವುದು ಯಾಕೆ?

ನಿಂತು ಫೋಟೋ ತೆಗೆದರೆ ಕ್ಯಾಮರಾ ಹಕ್ಕಿಯನ್ನು ಮೇಲಿನಿಂದ ನೋಡುತ್ತದೆ. ಹಕ್ಕಿಯ ಹಿಂದೆಯೇ ಹೊಯಿಗೆ ಇರುವುದರಿಂದ ಅದರಲ್ಲಿರುವ ಕಸ, ಕಡ್ಡಿ, ಹೆಜ್ಜೆ ಗುರುತು ಎಲ್ಲ ಸ್ಪಷ್ಟವಾಗಿ ಬೀಳುತ್ತವೆ. ಬೂದು ಹಕ್ಕಿ ಅದರಲ್ಲೇ ಕಳೆದುಹೋಗುತ್ತದೆ.

ಅದೇ ಕ್ಯಾಮರಾವನ್ನು ನೆಲಕ್ಕೆ ತಾಗಿಸಿ ಇಡಿ. ಈಗ ಹಕ್ಕಿಯ ಹಿಂದೆ ಇರುವುದು ನೂರಾರು ಅಡಿ ದೂರದ ನೀರು, ಅಲೆ, ಆಕಾಶ. ಅದೆಲ್ಲ ಮಸುಕಾಗಿ ಬಣ್ಣದ ಪರದೆಯ ಹಾಗೆ ಆಗುತ್ತದೆ, ಹಕ್ಕಿ ಒಂದೇ ಎದ್ದು ಕಾಣುತ್ತದೆ. ಅದರ ಕಣ್ಣು ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಮುಂದೆ ಒದ್ದೆ ಹೊಯಿಗೆ ಇದ್ದರೆ ಅದರಲ್ಲಿ ಹಕ್ಕಿಯ ಪ್ರತಿಬಿಂಬವೂ ಸಿಗುತ್ತದೆ.

ಎರಡನೆಯ ಕಾರಣ ಹಕ್ಕಿಯ ಕಡೆಯಿಂದ. ನಿಂತ ಮನುಷ್ಯ ಅದಕ್ಕೆ ಬಹಳ ದೂರದಿಂದ ಕಾಣುವ ದೊಡ್ಡ ಅಪಾಯ. ಮಲಗಿ ಅಲ್ಲಾಡದೆ ಇರುವ ಮನುಷ್ಯ ದಡಕ್ಕೆ ಬಿದ್ದ ಮರದ ದಿಮ್ಮಿಯ ಹಾಗೆ. ಸ್ವಲ್ಪ ಹೊತ್ತು ಅನುಮಾನದಿಂದ ನೋಡುತ್ತದೆ, ಆಮೇಲೆ ತನ್ನ ಕೆಲಸಕ್ಕೆ ತೊಡಗುತ್ತದೆ. ಐದಾರು ಮೀಟರ್ ಹತ್ತಿರ ಬಂದು ಹುಳ ಎಳೆದು ತಿಂದ ಹಕ್ಕಿಗಳನ್ನು ನಾವು ನೋಡಿದ್ದೇವೆ.

ಒಮ್ಮೆ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯ ಕಾಕ ಒಬ್ಬರು ನಮ್ಮ ಜೊತೆ ಬಂದ ಹುಡುಗನ ಓಡಾಟವನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಕರೆದು ಹೇಳಿದರು: "ಎಂಥಕ್ಕೆ ಮೋನೇ ಓಡುವುದು? ನೀನು ಓಡಿದರೆ ಅದು ಹಾರುವುದೇ. ಅದು ಯಾವ ಕಡೆ ತಿನ್ನುತ್ತಾ ಹೋಗ್ತದೆ ನೋಡು. ಅಲ್ಲಿಗೆ ಮೊದಲೇ ಹೋಗಿ ಬಿದ್ದುಕೋ. ಅದೇ ಬರ್ತದೆ." ಫೋಟೋಗ್ರಫಿಯ ಪುಸ್ತಕಗಳಲ್ಲಿ ನಾಲ್ಕು ಪುಟ ಬರೆಯುವುದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿದ್ದರು.

ಹೊತ್ತು ಮತ್ತು ನೀರು

ನಮ್ಮ ಕಡಲು ಪಶ್ಚಿಮಕ್ಕೆ. ಹಾಗಾಗಿ ಬೆಳಗಿನ ಸೂರ್ಯ ತೆಂಗಿನ ತೋಟದ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ದಡದಲ್ಲಿ ಕಡಲಿಗೆ ಮುಖ ಮಾಡಿ ಮಲಗಿದರೆ ಬೆಳಕು ನೇರ ಹಕ್ಕಿಯ ಮುಖಕ್ಕೆ ಬೀಳುತ್ತದೆ. ಸಂಜೆ ಇದು ತಿರುಗುಮುರುಗು. ಸೂರ್ಯ ಕಡಲ ಮೇಲೆ ಇರುವುದರಿಂದ ಹಕ್ಕಿ ಕಪ್ಪು ನೆರಳಾಗುತ್ತದೆ. ನೆರಳಿನ ಚಿತ್ರವೇ ಬೇಕಾದವರಿಗೆ ಸಂಜೆ ಒಳ್ಳೆಯದು. ಗರಿಯ ಬಣ್ಣ, ಕಣ್ಣಿನ ಹೊಳಪು ಬೇಕಾದರೆ ಸುಬಹಿ ನಮಾಜು ಮುಗಿಸಿ ನೇರ ಹೊರಡಬೇಕು. ಒಂಬತ್ತು ಗಂಟೆ ಕಳೆದರೆ ಹೊಯಿಗೆ ಕಾದು ಬಿಸಿ ಗಾಳಿ ನಡುಗುತ್ತದೆ. ಎಷ್ಟು ದುಬಾರಿ ಲೆನ್ಸ್ ಆದರೂ ನೆಲಮಟ್ಟದ ಚಿತ್ರ ಆಗ ಮಸುಕೇ.

ಬೆಳಕಿನಷ್ಟೇ ಮುಖ್ಯ ನೀರಿನ ಏರಿಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೊಡ್ಡ ಜಾಗದಲ್ಲಿ ಚದುರಿರುತ್ತವೆ. ನೀರು ಏರಲು ಶುರುವಾದ ಮೇಲೆ ತಿನ್ನುವ ಪಟ್ಟಿ ಕಿರಿದಾಗುತ್ತಾ ಬರುತ್ತದೆ, ಹಕ್ಕಿಗಳು ತಾವಾಗಿಯೇ ದಡದ ಕಡೆಗೆ ಬರುತ್ತವೆ. ಇಳಿತ ಕಳೆದು ಒಂದು ಗಂಟೆಯ ನಂತರ ಜಾಗ ಹಿಡಿದು ಮಲಗಿದವನು ಎಲ್ಲಿಗೂ ಹೋಗಬೇಕಾಗಿಲ್ಲ.

ಇದಕ್ಕೆ ನಮ್ಮ ಮನೆಯ ಗೋಡೆಯಲ್ಲಿರುವ ಹಿಜರಿ ಕ್ಯಾಲೆಂಡರ್ ಸಾಕು. ಚಂದ್ರಮಾಸದ ಮೊದಲ ಎರಡು ಮೂರು ದಿನ ಮತ್ತು 14, 15ರ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. 7-8 ಮತ್ತು 21-22ರ ಹತ್ತಿರ ಕಡಿಮೆ. ಆ ದಿನದ ಗಂಟೆ ನಿಮಿಷ ಬೇಕಾದರೆ ಮೀನಿಗೆ ಹೋಗುವವರನ್ನು ಕೇಳಿ, ಅವರಿಗೆ ಬಾಯಿಪಾಠ.

ಹೆಚ್ಚು ಕಾಸು ಬೇಡ

ಹಕ್ಕಿಯ ಫೋಟೋ ಎಂದರೆ ಲಕ್ಷಗಟ್ಟಲೆ ಬೇಕು ಎಂಬ ಮಾತು ಅರ್ಧ ಸತ್ಯ. 300 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಇದ್ದರೆ ಅನುಕೂಲ. ಇಲ್ಲದಿದ್ದರೆ ಲೆನ್ಸ್ ಬದಲಿಸುವ ಅಗತ್ಯವೇ ಇಲ್ಲದ ಜೂಮ್ ಕ್ಯಾಮರಾಗಳು ಉಂಟು. 2015ರಲ್ಲಿ ಬಂದ ನಿಕಾನ್ ಪಿ900ರಲ್ಲಿ 83 ಪಟ್ಟು ಜೂಮ್ ಇದೆ. ಇಂತಹವು ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ಮೊಬೈಲ್ ಮಾತ್ರ ಇರುವವರು ಒಂದು ಹಕ್ಕಿಯನ್ನು ದೊಡ್ಡದಾಗಿ ತೆಗೆಯಲು ಹೋಗಬೇಡಿ. ನೆಲದ ಮಟ್ಟದಲ್ಲಿ ಮೊಬೈಲ್ ಇಟ್ಟು ಹಿಂಡು, ಅಲೆ, ದೋಣಿ ಎಲ್ಲ ಸೇರಿದ ಚಿತ್ರ ತೆಗೆಯಿರಿ, ಚೆನ್ನಾಗಿ ಬರುತ್ತದೆ.

ನೆಲಮಟ್ಟಕ್ಕೆ ಟ್ರೈಪಾಡ್ ಆಗುವುದಿಲ್ಲ. ಅಡುಗೆಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಕಾವಲಿ ಇದ್ದರೆ ಕೇಳಿ ತನ್ನಿ. ಅದರ ಮೇಲೆ ಒಂದು ಸಣ್ಣ ಬಟ್ಟೆ ಚೀಲದಲ್ಲಿ ಅಕ್ಕಿ ತುಂಬಿಸಿ ಇಟ್ಟು, ಕ್ಯಾಮರಾವನ್ನು ಅದರ ಮೇಲೆ ಕೂರಿಸಿ. ಕಾವಲಿ ಹೊಯಿಗೆಯ ಮೇಲೆ ಜಾರುತ್ತದೆ, ಕ್ಯಾಮರಾಕ್ಕೆ ಹೊಯಿಗೆ ತಾಗುವುದಿಲ್ಲ. ಹೊರದೇಶದ ಫೋಟೋಗ್ರಾಫರ್‌ಗಳು ಕೂಡ ಇದಕ್ಕೆ ಬಾಣಲೆ ಬಳಸುತ್ತಾರೆ. ಮಲಗಲು ಒಂದು ತುಂಡು ಟಾರ್ಪಾಲು, ಮೊಣಕೈಗೆ ಹಳೆಯ ಬಟ್ಟೆ. ಮಣ್ಣಿನ ಬಣ್ಣದ ಅಂಗಿ ಒಳ್ಳೆಯದು, ಬಿಳಿ ಜುಬ್ಬಾ ಆ ದಿನಕ್ಕೆ ಬೇಡ.

ಮಲಗಲು ಆಗದವರು, ಸೊಂಟ ನೋವಿನವರು, ಹೆಂಗಸರು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಪರದೆ ಮಡಚಿ ಮೇಲಕ್ಕೆ ತಿರುಗಿಸಲು ಆಗುವ ಕ್ಯಾಮರಾ ಇದ್ದರೆ ಅದನ್ನು ನೆಲದಲ್ಲಿ ಇಟ್ಟು ಪಕ್ಕದಲ್ಲಿ ಕೂತು ನೋಡಿದರಾಯಿತು.

ಸೆಟ್ಟಿಂಗ್ ಬಗ್ಗೆ ಹುಡುಗರು ಹೆಚ್ಚು ಕೇಳುತ್ತಾರೆ. ಓಡುವ ಹಕ್ಕಿಗೆ ಶಟರ್ 1/1600 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಅಪರ್ಚರ್ 5.6ರಿಂದ 8, ಐಎಸ್‌ಒ ಆಟೋ. ಫೋಕಸ್ ನಿರಂತರ ಮೋಡ್‌ನಲ್ಲಿ ಇರಲಿ, ಬಿಂದು ಹಕ್ಕಿಯ ಕಣ್ಣಿನ ಮೇಲೆ ಇರಲಿ. ಒಣ ಹೊಯಿಗೆ ಬಿಸಿಲಿಗೆ ಹೊಳೆಯುವಾಗ ಕ್ಯಾಮರಾ ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ, ಆಗ ಬೆಳಕು ಸ್ವಲ್ಪ ಏರಿಸಬೇಕು. ಕಪ್ಪು ಒದ್ದೆ ಹೊಯಿಗೆಯಲ್ಲಿ ಬಿಳಿ ಸ್ಯಾಂಡರ್‌ಲಿಂಗ್ ಇದ್ದರೆ ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಬಿಳಿ ಗರಿಯ ಗೆರೆ ಎಲ್ಲ ಅಳಿಸಿಹೋಗುತ್ತದೆ. ಬೀಪ್ ಶಬ್ದ, ಫ್ಲಾಶ್ ಬಂದ್ ಮಾಡಿ. ಕಡಲ ಬದಿಯಲ್ಲಿ ಲೆನ್ಸ್ ಬಿಚ್ಚಬೇಡಿ. ಮನೆಗೆ ಬಂದು ಮೊದಲು ಬ್ರಷ್‌ನಲ್ಲಿ ಹೊಯಿಗೆ ಕೊಡವಿ, ಆಮೇಲೆ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ.

ಹಕ್ಕಿಯ ನಡೆ ತಿಳಿದಿರಬೇಕು

ಪ್ಲವರ್ ಜಾತಿಯವು ಕಣ್ಣಿನಿಂದ ಬೇಟೆ ಹುಡುಕುತ್ತವೆ. ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಕುಕ್ಕುತ್ತವೆ. ಆ ನಿಲ್ಲುವ ಕ್ಷಣವೇ ಫೋಟೋದ ಕ್ಷಣ. ಸ್ಯಾಂಡ್‌ಪೈಪರ್ ಜಾತಿಯವು ಕೊಕ್ಕನ್ನು ಹೊಯಿಗೆಯೊಳಗೆ ಚುಚ್ಚಿ ತುದಿಯ ಸ್ಪರ್ಶದಿಂದ ಹುಡುಕುತ್ತವೆ. ಅವುಗಳ ತಲೆ ಹೆಚ್ಚಿನ ಹೊತ್ತು ಕೆಳಗೆ. ತಲೆ ಎತ್ತುವವರೆಗೆ ಕಾಯಬೇಕು. ಸ್ಯಾಂಡರ್‌ಲಿಂಗ್ ಅಲೆಯ ಜೊತೆ ಓಡುವುದರಿಂದ ಅಲೆ ಹಿಂದೆ ಸರಿಯುವಾಗ ಮಾತ್ರ ಒಂದೆರಡು ಸೆಕೆಂಡ್ ನಿಲ್ಲುತ್ತದೆ. ನದಿಯ ಅಂಚಿನಲ್ಲಿ ಬಾಲ ಕುಣಿಸುತ್ತ ಒಂಟಿಯಾಗಿ ಇರುವುದು ಕಾಮನ್ ಸ್ಯಾಂಡ್‌ಪೈಪರ್. ಟರ್ನ್‌ಸ್ಟೋನ್ ಬೇಕಾದವರು ಸೋಮೇಶ್ವರದಂತಹ ಬಂಡೆಗಳಿರುವ ಕಡೆ ನೋಡಬೇಕು. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆ, ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಇಂತಹ ಕಡೆ ಹೊಯಿಗೆ, ಕೆಸರು ಎರಡೂ ಇರುವುದರಿಂದ ಹಲವು ಜಾತಿ ಒಟ್ಟಿಗೆ ಸಿಗುತ್ತವೆ.

ಹಕ್ಕಿ ನಮಗೆ ಸೂಚನೆ ಕೊಡುತ್ತದೆ. ತಿನ್ನುವುದು ನಿಲ್ಲಿಸಿ ಕತ್ತು ಉದ್ದ ಮಾಡಿ ನೋಡಿದರೆ ನಾವು ಹತ್ತಿರ ಆದೆವು ಎಂದರ್ಥ. ಅಲ್ಲಿಯೇ ನಿಲ್ಲಬೇಕು. ತಲೆ ಮೇಲೆ ಕೆಳಗೆ ಕುಣಿಸಿದರೆ, ಕೂಗಿದರೆ ಹಿಂದೆ ಸರಿಯಬೇಕು. ಉಬ್ಬರದ ಹೊತ್ತಿಗೆ ಒಣ ಹೊಯಿಗೆಯಲ್ಲಿ ಒಂದು ಕಾಲಿನಲ್ಲಿ ನಿಂತು ಕೊಕ್ಕು ಬೆನ್ನಿಗೆ ಸಿಕ್ಕಿಸಿ ನಿದ್ದೆ ಮಾಡುವ ಹಿಂಡಿನ ಹತ್ತಿರ ಹೋಗುವುದೇ ಬೇಡ. ಯಾವುದಾದರೂ ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನಿಮ್ಮ ಮುಂದೆ ಓಡಿದರೆ ಅದಕ್ಕೆ ಗಾಯ ಆದದ್ದು ಅಲ್ಲ, ಹತ್ತಿರದಲ್ಲಿ ಮೊಟ್ಟೆ ಅಥವಾ ಮರಿ ಉಂಟು. ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ. ಆ ಜಾಗವನ್ನು ಯಾರಿಗೂ ಹಂಚಬೇಡಿ.

ಹೊರಡುವಾಗಲೂ ಗಡಿಬಿಡಿ ಬೇಡ. ಫೋಟೋ ಸಿಕ್ಕಿತೆಂದು ಧಡಕ್ಕನೆ ಎದ್ದರೆ ಅಷ್ಟು ಹೊತ್ತಿನ ತಾಳ್ಮೆ ಹಾಳು. ಹಿಂಡು ದಾಟಿ ಹೋಗುವವರೆಗೆ ಮಲಗಿರಿ, ಅಥವಾ ತೆವಳಿಕೊಂಡೇ ಹಿಂದೆ ಬನ್ನಿ.

ಜನರ ಅನುಮಾನ, ಕಡಲಿನ ಅಪಾಯ

ಉದ್ದ ಲೆನ್ಸ್ ಹಿಡಿದು ಹೊಯಿಗೆಯಲ್ಲಿ ಬಿದ್ದವನನ್ನು ನೋಡಿ ಜನ ಕೇಳಿಯೇ ಕೇಳುತ್ತಾರೆ. "ಎಂಥ ಉಸ್ತಾದ್, ಬಿದ್ದುಹೋದಿರಾ?" ಎಂದು ಓಡಿ ಬಂದವರೂ ಉಂಟು. ಕುಟುಂಬಗಳು ಬಂದು ಕೂರುವ ಕಡೆ, ಜನ ಸ್ನಾನ ಮಾಡುವ ಕಡೆ ಲೆನ್ಸ್ ತಿರುಗಿಸಲೇಬಾರದು. ಜನ ಇಲ್ಲದ ಜಾಗವನ್ನೇ ಆರಿಸಿಕೊಳ್ಳಿ. ಯಾರಾದರೂ ಕೇಳಿದರೆ ಕೋಪ ಬೇಡ, ಕರೆದು ತೆಗೆದ ಚಿತ್ರ ತೋರಿಸಿ. ಅವರೇ ಆಮೇಲೆ ಹಕ್ಕಿ ಇರುವ ಜಾಗ ಹೇಳಿಕೊಡುತ್ತಾರೆ. ಮೀನುಗಾರರು ಬಲೆ ಎಳೆಯುವಾಗ ಹಗ್ಗಕ್ಕೆ ಅಡ್ಡ ಮಲಗಬೇಡಿ, ಅದು ಅವರ ಅನ್ನದ ಕೆಲಸ.

ಮಲಗಿದವನಿಗೆ ಅಲೆ ದೊಡ್ಡದು. ಕಣ್ಣು ಕ್ಯಾಮರಾದಲ್ಲಿ ಇರುವಾಗ ನೀರು ಏರಿದ್ದು ತಿಳಿಯುವುದಿಲ್ಲ. ಒಬ್ಬನೇ ಹೋಗಬೇಡಿ, ಒಬ್ಬ ಮಲಗಿದರೆ ಇನ್ನೊಬ್ಬ ಹಿಂದೆ ಕೂತು ಕಡಲು ನೋಡುತ್ತಿರಲಿ. ಅಳಿವೆಯ ಹತ್ತಿರ ಸೆಳೆತ ಜಾಸ್ತಿ, ನಾಲ್ಕು ಕಡೆ ನೀರು ಸುತ್ತುವ ದಿಬ್ಬಕ್ಕೆ ದಾಟಲೇಬಾರದು. ಮಳೆಗಾಲದಲ್ಲಿ ಈ ಹವ್ಯಾಸಕ್ಕೆ ರಜೆ.

ತೆಗೆದ ಫೋಟೋ ಏನು ಮಾಡುವುದು?

ಸ್ಟೇಟಸ್‌ಗೆ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಅದರಿಂದ ಇನ್ನೂ ದೊಡ್ಡ ಉಪಯೋಗ ಉಂಟು. ನೆಲಮಟ್ಟದ ಫೋಟೋದಲ್ಲಿ ಹಕ್ಕಿಯ ಕಾಲು ಸ್ಪಷ್ಟವಾಗಿ ಕಾಣುತ್ತದೆ. ಕೆಲವು ಹಕ್ಕಿಗಳ ಕಾಲಿನಲ್ಲಿ ಲೋಹದ ಬಳೆ ಅಥವಾ ಬಣ್ಣದ ಸಣ್ಣ ಪಟ್ಟಿ ಇರುತ್ತದೆ. ಅದನ್ನು ಯಾವುದೋ ದೇಶದಲ್ಲಿ ವಿಜ್ಞಾನಿಗಳು ಹಾಕಿರುತ್ತಾರೆ. ಪಟ್ಟಿಯ ಬಣ್ಣ, ಅದರ ಅಕ್ಷರ, ನೋಡಿದ ದಿನ, ಜಾಗ ಬರೆದಿಟ್ಟು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿದರೆ ಆ ಹಕ್ಕಿ ಎಲ್ಲಿಂದ ಬಂತು ಎಂಬುದು ಗೊತ್ತಾಗಬಹುದು. ಪಟ್ಟಿ ಇಲ್ಲದಿದ್ದರೂ ಇ-ಬರ್ಡ್ ಆ್ಯಪ್‌ನಲ್ಲಿ ಎಷ್ಟು ಹಕ್ಕಿ, ಯಾವ ಜಾತಿ ಎಂದು ಸೇರಿಸಬಹುದು. ನಮ್ಮ ಊರಿನ ಕಡಲ ಬದಿಯಲ್ಲಿ ಏನು ಉಂಟು ಎಂಬುದು ದಾಖಲೆಗೆ ಬರುತ್ತದೆ. ನಾಳೆ ಆ ಜಾಗಕ್ಕೆ ಏನಾದರೂ ಯೋಜನೆ ಬಂದಾಗ ಮಾತನಾಡಲು ಒಂದು ಆಧಾರ ಬೇಕಲ್ಲವಾ?

1883ರಲ್ಲಿ ಶುರುವಾದ ಆ ಸೊಸೈಟಿಯ ಹೆಸರು ಬಂದಾಗ ಸಲೀಂ ಅಲಿಯವರನ್ನು ಮಕ್ಕಳಿಗೆ ಹೇಳಲೇಬೇಕು. 1896ರಲ್ಲಿ ಮುಂಬೈಯ ಬೋಹ್ರಾ ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಗಾಳಿಕೋವಿಯಲ್ಲಿ ಹೊಡೆದ ಒಂದು ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿ ಎಂದು ತಿಳಿಯಲು ಆ ಸೊಸೈಟಿಯ ಬಾಗಿಲಿಗೆ ಹೋದರು. ಆ ಒಂದು ಪ್ರಶ್ನೆ ಅವರನ್ನು ದೇಶದ ಅತಿದೊಡ್ಡ ಪಕ್ಷಿತಜ್ಞನ ಸ್ಥಾನಕ್ಕೆ ಒಯ್ದಿತು. ಭಾರತದ ಹಕ್ಕಿಗಳ ಬಗ್ಗೆ ಅವರ ಪ್ರಸಿದ್ಧ ಪುಸ್ತಕ ಬಂದದ್ದು 1941ರಲ್ಲಿ, ಪದ್ಮವಿಭೂಷಣ ಸಿಕ್ಕಿದ್ದು 1976ರಲ್ಲಿ. ನಮ್ಮ ಮಕ್ಕಳ ಕೈಯಲ್ಲಿ ಕೋವಿ ಇಲ್ಲ, ಕ್ಯಾಮರಾ ಉಂಟು. "ಇದು ಯಾವ ಹಕ್ಕಿ?" ಎಂದು ಕೇಳುವ ಅಭ್ಯಾಸ ಒಂದು ಬಂದರೆ ಸಾಕು.

ಗಲ್ಫ್‌ನಲ್ಲಿ ಇರುವ ನಮ್ಮವರಿಗೂ ಒಂದು ಮಾತು. ಒಮಾನಿನ ಬರ್ ಅಲ್ ಹಿಕ್ಮಾನ್ ಎಂಬ ಕೆಸರು ಬಯಲಿನಲ್ಲಿ ಚಳಿಗಾಲದಲ್ಲಿ ಲಕ್ಷಗಟ್ಟಲೆ ದಡದ ಹಕ್ಕಿಗಳು ಸೇರುತ್ತವೆ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಪಟ್ಟಣದ ನಡುವೆಯೇ ಹಕ್ಕಿ ನೋಡಲು ಮರೆಯ ಕೋಣೆಗಳನ್ನು ಕಟ್ಟಿದ್ದಾರೆ. ರಜೆಯ ದಿನ ಮಾಲ್‌ಗೆ ಹೋಗುವ ಬದಲು ಒಮ್ಮೆ ಅಲ್ಲಿಗೆ ಹೋಗಿ ನೋಡಿ.

ಈ ವರ್ಷದ ಹಕ್ಕಿಗಳು ಏಪ್ರಿಲ್ ಕೊನೆಯವರೆಗೆ ನಮ್ಮ ಹೊಯಿಗೆಯಲ್ಲಿ ಇರುತ್ತವೆ. ರಜೆಯ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕ್ಯಾಮರಾ ಇಲ್ಲದಿದ್ದರೂ ಅಡ್ಡಿ ಇಲ್ಲ, ಅರ್ಧ ಗಂಟೆ ಮಲಗಿ ನೋಡಲು ಹೇಳಿ. ಜೊತೆಗೆ ಬೈಕನ್ನು ರಸ್ತೆಯಲ್ಲೇ ಬಿಡಲು, ನಾಯಿಯನ್ನು ಹಿಂಡಿನ ಮೇಲೆ ಛೂ ಬಿಡದಿರಲು, ಕಲ್ಲು ಚಿಪ್ಪು ಎಸೆಯದಿರಲು ಹೇಳಿ. ಲಡಾಖಿಗೆ, ಆರ್ಕ್ಟಿಕ್‌ಗೆ ಹೊರಟು ನಿಂತ ಆ ಹಕ್ಕಿಗಳಿಗೆ ಈಗ ನಮ್ಮಿಂದ ಬೇಕಾದದ್ದು ನೆಮ್ಮದಿಯಿಂದ ತಿನ್ನಲು ಸ್ವಲ್ಪ ಹೊತ್ತು ಮಾತ್ರ.